ಸೊಸೆ ಸೊರಗಿದಳಂತೆ!

ಮುದ್ದೆ ಮುರಿದ ಲಿಂಗಮ್ಮನ ಕೈ ತಟ್ಟೆಯ ಮೇಲೆ ಹಾಗೇ ನಿಂತುಬಿಟ್ಟಿತು. ಒಳಗಿನಿಂದ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಕರಗಿ ಬೆರಳ ಸಂದಿಯಲ್ಲಿ ಇಳಿಯತೊಡಗಿತು. ಅರ್ಧ ಮುದ್ದೆ ಸಾಕು, ಬೆಣ್ಣೆ ತುಪ್ಪ ಬೇಡವೇ ಬೇಡ ಎಂದು ಆರು ತಿಂಗಳಿಂದ ಅಂಗಲಾಚಿದ್ದಳು. ಅತ್ತೆ ಹುಚ್ಚಮ್ಮ ಇವತ್ತು ಮುದ್ದೆಯನ್ನೇನೋ ಚಿಕ್ಕದಾಗಿ ಕಟ್ಟಿದ್ದಳು. ಆದರೆ ಹೊಟ್ಟೆಯೊಳಗೆ ಬೆಣ್ಣೆ ಇಟ್ಟು ಮುಚ್ಚಿದ್ದಳು!

"ಅತ್ತೆಮ್ಮ... ಇದೇನಿದು?"

"ಬೆಣ್ಣೆ ಕಣವ್ವ, ಇಸ ಅಲ್ಲ!" ಹುಚ್ಚಮ್ಮ ಒಲೆಯ ಕಡೆಯಿಂದ ತಿರುಗದೆಯೇ ಸಿಡುಕಿದಳು. "ಹೊಳೆ ತಾವ ಬಟ್ಟೆ ಒಗೆಯಾಕೋದ್ರೆ ಹೆಂಗಸ್ರು ಏನಂತಾರೆ ಗೊತ್ತಾ? ಹುಚ್ಚಮ್ಮ ಸೊಸೆಗೆ ಹಿಟ್ಟು ಇಕ್ಕಾಕಿಲ್ವಂತೆ ಅಂತಾರೆ! ನನ್ನ ಮಾನ ಕಳೀಬೇಕು ಅಂತ್ಲೇ ನೀನು ಸೊರಗ್ತಿರೋದು!"

"ಅನ್ನೋರು ಅಂದ್ಕೊಳ್ಳಲಿ ಬಿಡಿ. ಮೈ ನಂದು," ಎಂದು ಲಿಂಗಮ್ಮ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದಳು.

ಊರಿಗೇನು! ಬಾಯನ್ನು ಯಾರೂ ಬಾಡಿಗೆಗೆ ತರಬೇಕಾಗಿಲ್ಲ, ಎಲ್ಲರಿಗೂ ಸ್ವಂತದ್ದೇ ಇರುತ್ತದೆ. ಲಿಂಗಮ್ಮ ದಪ್ಪಗಿದ್ದಾಗ ಇದೇ ಊರು ಅವಳನ್ನು ರಾಗಿ ಕಣಜ ಎಂದು ಕರೆದಿತ್ತು. ಫ್ರೇಸರ್‌ಪೇಟೆಯ ಸಂತೆಗೆ ಹೊರಟರೆ ಬಸ್ಸಿನ ಕಂಡಕ್ಟರು ಎರಡು ಟಿಕೆಟ್ಟು ಕೊಡಲೇ ಎಂದು ಹಲ್ಲು ಕಿರಿದಿದ್ದ. ಈಗ ಒಂದಿಷ್ಟು ಇಳಿದಳೋ ಇಲ್ಲವೋ, ಗಂಡ ಪುಟ್ಟರಾಜು ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದು ಒಬ್ಬರು, ಯಾರೋ ಮಾಟ ಮಾಡಿಸಿದ್ದಾರೆ ಎಂದು ಇನ್ನೊಬ್ಬರು! ಅವಳಿಗೆ ಏಕೆ ಬೇಕಾಯಿತು ಈ ಹಟ ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ.

ಹಟಕ್ಕೆ ಕಾರಣವಿತ್ತು. ಕಾಲು ಬಾತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬಂದು, ಮಡಿಕೇರಿಯ ಲೇಡಿ ಡಾಕ್ಟರ ಬಳಿ ಹೋಗಿದ್ದಳು. ತೂಕ ನೂರ ತೊಂಬತ್ತೆರಡು ಪೌಂಡು. "ನಿಮ್ಮ ತಾಯಿ ಎಷ್ಟನೇ ವಯಸ್ಸಿಗೆ ಹೋದರಮ್ಮ?" ಎಂದು ಡಾಕ್ಟರು ಕೇಳಿದ್ದರು. ಮೂವತ್ತೊಂಬತ್ತಕ್ಕೆ, ಇದೇ ಮೈಯಲ್ಲಿ, ಇದೇ ಏದುಸಿರಿನಲ್ಲಿ... ಲಿಂಗಮ್ಮನಿಗಾಗ ಮೂವತ್ತಾರು. ಮನೆಯಲ್ಲಿ ಆರು ವರ್ಷದ ಮಗಳು. ನೂರೈವತ್ತಕ್ಕೆ ಇಳಿಯಲೇಬೇಕು, ಇಲ್ಲವಾದರೆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ಅಂದಿನಿಂದ ಅವಳು ಲೆಕ್ಕ ಹಾಕಿ ಉಣ್ಣತೊಡಗಿದಳು, ಕೋಳಿ ಕೂಗುವ ಹೊತ್ತಿಗೆ ನಾದಿನಿ ವನಜಳನ್ನು ಜೊತೆ ಮಾಡಿಕೊಂಡು ಕಾವೇರಿಯ ದಂಡೆಯುದ್ದಕ್ಕೂ ನಡೆಯತೊಡಗಿದಳು. ಆರು ತಿಂಗಳಿಗೆ ಇಪ್ಪತ್ತನಾಲ್ಕು ಪೌಂಡು ಇಳಿದಿತ್ತು.

ಬೆಣ್ಣೆಯ ರಗಳೆ ನಡೆದ ವಾರಕ್ಕೇ ವನಜಳನ್ನು ನೋಡಲು ಸೋಮವಾರಪೇಟೆ ಕಡೆಯಿಂದ ಗಂಡಿನವರು ಬರುವ ಸುದ್ದಿ ಬಂತು. ಒಳ್ಳೆಯ ಸಂಬಂಧ, ಹುಡುಗ ಮಡಿಕೇರಿಯ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಕೊಡಗು ಬೇರೆ ರಾಜ್ಯವಾಗಿದ್ದ ಆ ದಿನಗಳಲ್ಲಿ ಮಡಿಕೇರಿಯ ಕಚೇರಿಯೆಂದರೆ ಸಾಮಾನ್ಯವೇ! ಆದರೆ ಅರಕಲಗೂಡಿನ ಕಡೆಯಿಂದ ಬಂದು ನೆಲೆಸಿದ ಈ ಬಳಗದಲ್ಲಿ ಒಂದು ರೂಢಿಯಿತ್ತು. ಹೆಣ್ಣು ನೋಡಲು ಬಂದ ಹೆಂಗಸರ ಪಕ್ಕದಲ್ಲೇ ಮನೆಯ ಸೊಸೆ ಕೂತು ಉಣ್ಣಬೇಕು. ಸೊಸೆಯ ಮೈಕೈ ನೋಡಿ, ಅವಳ ಎಲೆ ನೋಡಿ, ಈ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹೊಟ್ಟೆ ತುಂಬ ಹಾಕುತ್ತಾರೋ ಇಲ್ಲವೋ ಎಂದು ಬಂದವರು ತೀರ್ಮಾನ ಮಾಡುತ್ತಿದ್ದರು.

"ಸೀರೆ ಒಳಗೆ ಇನ್ನೊಂದು ಸೀರೆ ಸುತ್ಕೊ. ಆಗಾಕಿಲ್ಲ ಅಂದ್ರೆ ತವರಿಗೆ ಹೋಗ್ಬಿಡು," ಎಂದಳು ಹುಚ್ಚಮ್ಮ.

ಪುಟ್ಟರಾಜು ಗೋಡೆಯನ್ನು ನೋಡುತ್ತ, "ಒಂದಿನ ತಾನೆ ಲಿಂಗಿ... ಅವ್ವ ಹೇಳ್ದಂಗೆ ಮಾಡು," ಎಂದ.

ಲಿಂಗಮ್ಮನಿಗೆ ಅತ್ತೆಯ ಮಾತಿಗಿಂತ ಗಂಡನ ಮಾತು ಹೆಚ್ಚು ಚುಚ್ಚಿತು. "ನಾನೇನು ಕದ್ದಿದ್ದೀನಾ, ಬಚ್ಚಿಟ್ಕೊಳ್ಳೋಕೆ? ಒಂದೇ ಸೀರೆ ಉಡ್ತೀನಿ. ಇಲ್ಲೇ ಇರ್ತೀನಿ," ಎಂದಳು.

ಬಂದವರಲ್ಲಿ ಹುಡುಗನ ತಾಯಿ ವಿಮಲಮ್ಮನದೇ ಕಾರುಬಾರು. ಎಲೆಯ ಮುಂದೆ ಕೂತವಳ ಕಣ್ಣು ಒಬ್ಬಟ್ಟಿನ ಮೇಲಿರಲಿಲ್ಲ, ಪಕ್ಕದಲ್ಲಿ ಕೂತ ಲಿಂಗಮ್ಮನ ಸಡಿಲ ರವಿಕೆಯ ಮೇಲಿತ್ತು. "ಹೋದ ವರ್ಷ ಸಂತೇಲಿ ಕಂಡಾಗ ಗುಂಡಗಿದ್ದೆ. ಈಗ ನೋಡಿದ್ರೆ ಕತ್ತಿನ ಮೂಳೆ ಕಾಣ್ತದೆ," ಎಂದವಳು ದನಿ ತಗ್ಗಿಸಿದಳು. "ಕೆಮ್ಮು ಏನಾದ್ರೂ ಐತೇನಮ್ಮ? ಎದೆ ರೋಗ ಇರೋ ಮನೆಯಿಂದ ನಾವು ಹೆಣ್ಣು ತರೋರಲ್ಲ."

ಹುಚ್ಚಮ್ಮನ ಜೀವ ಬಾಯಿಗೆ ಬಂತು! "ಅಯ್ಯೋ, ಬುಡ್ತು ಅನ್ನಿ! ಕಲ್ಲುಗುಂಡಿನಂಗವ್ಳೆ," ಎನ್ನುತ್ತ ಸೊಸೆಯ ಎಲೆಗೆ ಒಂದರ ಮೇಲೊಂದು ನಾಲ್ಕು ಒಬ್ಬಟ್ಟು ಹಾಕಿ, ತುಪ್ಪ ಸುರಿದಳು. "ತಿನ್ನವ್ವ! ತಿಂದು ತೋರ್ಸು!"

"ರೋಗ ಇಲ್ಲಮ್ಮ," ಎಂದಳು ಲಿಂಗಮ್ಮ, ವಿಮಲಮ್ಮನ ಮುಖವನ್ನೇ ನೋಡುತ್ತ. "ನಾನೇ ಬೇಕು ಅಂತ ಇಳಿಸಿದ್ದು. ಡಾಕ್ಟ್ರು ಹೇಳವ್ರೆ. ಇನ್ನೂ ಹದಿನೆಂಟು ಪೌಂಡು ಇಳಿಸ್ತೀನಿ."

"ಬೇಕು ಅಂತ!" ವಿಮಲಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ರೇಷನ್ ಕಾರ್ಡು ಹಿಡ್ಕೊಂಡು ಅಕ್ಕಿಗೆ ಸಾಲು ನಿಂತಿದ್ದು ಮರೆತೋಯ್ತಾ? ಇಕ್ಕಿದ ಅನ್ನ ಬೇಡ ಅನ್ನೋ ಸೊಸೆ! ಇವಳ ಜೊತೆ ಬೆಳೆದ ಹುಡುಗಿ ನಮ್ಮನೇಲಿ ಇನ್ನೇನು ಕುಣೀತಾಳೋ... ಉಂಡು ತೋರ್ಸಿದ್ರೆ ಮಾತು ಮುಂದಕ್ಕೆ. ಇಲ್ಲ ಅಂದ್ರೆ ನಾವು ಎದ್ದೆವು."

ಹುಚ್ಚಮ್ಮ ಎಲ್ಲರ ಎದುರೇ ಸೊಸೆಯ ಕಾಲಿನ ಬಳಿ ಕುಸಿದಳು. "ನಿನ್ನ ಕಾಲಿಗೆ ಬೀಳ್ತೀನಿ ಕಣೆ... ನನ್ನ ಮಗಳ ಬಾಳು!"

ಲಿಂಗಮ್ಮನ ಕೈ ಎಲೆಯ ಕಡೆಗೆ ಹೋಯಿತು. ಒಂದು ಹೊತ್ತಿನ ಒಬ್ಬಟ್ಟಿಗೆ ಜೀವವೇನೂ ಹೋಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೆ ಇವತ್ತು ವಿಮಲಮ್ಮನಿಗಾಗಿ ತಿಂದರೆ ನಾಳೆ ಊರಿಗಾಗಿ, ನಾಡಿದ್ದು ಅತ್ತೆಯ ಮಾನಕ್ಕಾಗಿ... ಕೊನೆಗೆ ಅವ್ವನ ಹಾಗೆ ಚಟ್ಟ! ಆದರೂ ವನಜಳ ಮುಖ ನೆನಪಾಯಿತು. ಒಬ್ಬಟ್ಟಿನ ಒಂದು ಚೂರು ಮುರಿದಳು.

"ತಿನ್ನಬೇಡಿ ಅತ್ತಿಗೆ!"

ಕೋಣೆಯ ಬಾಗಿಲಲ್ಲಿ ವನಜ ನಿಂತಿದ್ದಳು. ಮುಡಿಯ ತುಂಬ ಹೂವು, ಕೆನ್ನೆಯ ತುಂಬ ನೀರು. "ನೀವು ಅಂಗಳ ದಾಟೋಕೆ ಮೂರು ಸಲ ಕೂತ್ಕೋತಿದ್ದದ್ದು ನಾನು ನೋಡಿವ್ನಿ. ಈಗ ನನಗಿಂತ ಮುಂದೆ ನಡೀತೀರ. ನಿಮ್ಮ ಎಲೆ ನೋಡಿ ಆಗೋ ಮದುವೆ ನಂಗೆ ಬೇಡ. ಅವ್ವ, ಮೇಲೆ ಏಳು!"

ಲಿಂಗಮ್ಮ ಆ ಚೂರನ್ನು ಎಲೆಯಲ್ಲೇ ಬಿಟ್ಟಳು. ಗಂಡಿನವರು ಕೈ ತೊಳೆದು, ವೀಳ್ಯವನ್ನೂ ಮುಟ್ಟದೆ ಗಾಡಿ ಹತ್ತಿದರು. ಪುಟ್ಟರಾಜು ಅವರನ್ನು ತಡೆಯಲು ಹೋಗಲಿಲ್ಲ. ತಾಯಿಯ ರಟ್ಟೆ ಹಿಡಿದು ಎಬ್ಬಿಸಿ, ಹೆಂಡತಿಯ ಮುಂದೆ ನಿಂತು, "ತಪ್ಪಾಯ್ತು," ಎಂದಷ್ಟೇ ಹೇಳಿದ.

ಮೂರು ದಿನ ಹುಚ್ಚಮ್ಮ ಸೊಸೆಯ ಮುಖ ನೋಡಲಿಲ್ಲ. ನಾಲ್ಕನೆಯ ದಿನ ರಾಗಿ ಕೇರುತ್ತ ಕೂತವಳು ಇದ್ದಕ್ಕಿದ್ದಂತೆ ಬಿಕ್ಕಿದಳು. "ನಮ್ಮತ್ತೆ ನಂಗೆ ತಂಗಳನ್ನ ಇಕ್ಕೋಳು, ಅದೂ ಅಳತೆ ಮಾಡಿ. ನನ್ನ ಮೂಳೆ ನೋಡಿ ಊರು ನಮ್ಮತ್ತೆಗೆ ಉಗೀತು. ನನ್ನ ಸೊಸೆ ಮೈ ತುಂಬ್ಕೊಂಡಿರಲಿ ಅಂತ ಆವತ್ತೇ ಆಣೆ ಮಾಡಿದ್ದೆ ಕಣೆ ಲಿಂಗಿ... ನನ್ನ ಹೆಸರು ಉಳಿಸ್ಕೊಳ್ಳಾಕೆ ನಿಂಗೆ ತಿನ್ನಿಸ್ತಿದ್ನೇನೋ..." ಲಿಂಗಮ್ಮ ಅತ್ತೆಯ ಭುಜಕ್ಕೆ ಒರಗಿ ತಾನೂ ಅತ್ತಳು.

ಅದೇ ಸಂಜೆ ಪಕ್ಕದ ಮನೆಯ ಕೆಂಪಮ್ಮ ಸಮಾಧಾನ ಹೇಳುವ ನೆವದಲ್ಲಿ ಜಗುಲಿಗೆ ಬಂದು ಕೂತಳು. "ಸೊಸೆ ದೆಸೆಯಿಂದ ಮಗಳ ಮದುವೆ ಮುರೀತಲ್ಲ ಹುಚ್ಚಮ್ಮಕ್ಕ! ಅವಳನ್ನ ಒಂದು ವರ್ಷ ತವರಲ್ಲಿ ಬಿಟ್ಟು ಬಾ. ಬುದ್ಧಿ ಬತ್ತದೆ."

ಒಳಗಿದ್ದ ಲಿಂಗಮ್ಮ ಅತ್ತೆಯ ಉತ್ತರಕ್ಕೆ ಕಿವಿಗೊಟ್ಟು ಬಾಗಿಲ ಹಿಂದೆ ನಿಂತಳು.

"ಅವಳ ಡಾಕ್ಟ್ರು ಹೇಳೋದು ನಂಗೆ ಅರ್ಥ ಆಗಾಕಿಲ್ಲ ಕೆಂಪಿ," ಎಂದಳು ಹುಚ್ಚಮ್ಮ, ನಿಧಾನವಾಗಿ. ಆಮೇಲೆ ದನಿ ಏರಿತು, ಬೀದಿಯ ಆ ತುದಿಗೂ ಕೇಳುವಷ್ಟು! "ಆದ್ರೆ ನನ್ನ ಸೊಸೆ ಉಣ್ಣಲಿ, ಬಿಡಲಿ, ಇಳೀಲಿ, ಏರಲಿ, ನಿಮ್ಮಪ್ಪನ ಮನೆ ಗಂಟೇನು ಹೋಯ್ತದೆ? ಅವಳು ಬದುಕಬೇಕು ಅಂತವ್ಳೆ. ಬದುಕ್ತಾಳೆ! ಎದ್ದು ನಡಿ ಮನೆಗೆ!"