ಮೂರು ಸಾವಿರ ವರ್ಷದ ಬೆಳಕು, ಒಂದು ಬಕೆಟ್ ನೀರು

ಸಿಟ್ಟು ಬಂದಾಗ ತನಗೆ ಮಾತು ಬರುವುದಿಲ್ಲ, ಅಳು ಬರುತ್ತದೆ. ಇದನ್ನು ಅವಳು ಡೈರಿಗಲ್ಲದೆ ಯಾರಿಗೂ ಹೇಳಿರಲಿಲ್ಲ. ಬೆಟ್ಟ ಹತ್ತುವ ದಿನ ಬೂಟಿನ ದಾರ ಬಿಗಿಯುವಾಗಲೂ ಅದೇ ಕೊರಗು. ಮೊನ್ನೆ ಅವಳು ಕೆಲಸ ಮಾಡುವ ಖಗೋಳ ಸಂಸ್ಥೆಯ ಸಭೆಯಲ್ಲಿ ನಿರ್ದೇಶಕರು, "ಶಿಖರದ ಹಳೇ ವೀಕ್ಷಣಾಲಯ ಮುಚ್ತಿದೀವಿ. ಅಲ್ಲಿರೋ ಗಾಜೆಲ್ಲ ತೊಳೆಸಿ ಸಸ್ಯಾಗಾರದ ಕಿಟಕಿಗೆ ಕೊಟ್ಬಿಡಿ" ಎಂದಾಗ ಅವಳು ನೆಲ ನೋಡುತ್ತ ಕೂತಿದ್ದಳು.

ಆ ಗಾಜುಗಳು ಹಳೇ ಕಾಲದ ಫೋಟೋ ಫಲಕಗಳು; ಅವುಗಳ ಮೇಲೆ ಅರವತ್ತು ವರ್ಷದ ಹಿಂದಿನ ಆಕಾಶ ಅಚ್ಚಾಗಿತ್ತು. ಅವಳ ದೊಡ್ಡಮ್ಮ ಆಗ ಅಲ್ಲಿ ಲೆಕ್ಕದ ಸಹಾಯಕಿ. ಭೂತಗನ್ನಡಿ ಹಿಡಿದು ಫಲಕದಿಂದ ಫಲಕಕ್ಕೆ ಹೋಲಿಸುತ್ತ, ಒಂದು ಮಂಕು ನಕ್ಷತ್ರದ ಬೆಳಕು ಏರಿಳಿಯುತ್ತಿರುವುದನ್ನು ಕಂಡು, ಇನ್ನೂರ ಹದಿನೇಳನೆಯ ಫಲಕದ ಬೆನ್ನಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ 'ಇದನ್ನು ಗಮನಿಸಿ' ಎಂದು ಬರೆದು ಸಹಿ, ತಾರೀಕು ಹಾಕಿದ್ದಳು. ಯಾರೂ ಗಮನಿಸಲಿಲ್ಲ. ಹೋದ ವರ್ಷ ಅದೇ ನಕ್ಷತ್ರ ಸಿಡಿದು ಬೆಳಗಿತು. ನಿರ್ದೇಶಕರು ಅದನ್ನು ಮೊದಲು ಗುರುತಿಸಿದವರು ತಾವೇ ಎಂದು ಪತ್ರಿಕೆಗಳಿಗೆಲ್ಲ ಫೋಟೋ ಕೊಟ್ಟರು. ಎಂಬತ್ತೈದರ ದೊಡ್ಡಮ್ಮ ಪತ್ರಿಕೆ ಓದಿದಳು, ನೀಟಾಗಿ ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಳು, ಅಷ್ಟೇ. ಆ ಮಡಿಕೆ ನೋಡಿದಾಗಲೇ ಇವಳಿಗೆ ಸಿಟ್ಟು ಹೊತ್ತಿಕೊಂಡದ್ದು.

ನಾಳೆ ಗಾಜು ಇಳಿಸುವ ಆಳುಗಳು ಬರುತ್ತಾರೆ. ಇವತ್ತೇ ಹತ್ತಿ ಆ ಒಂದು ಫಲಕವನ್ನು ತರಬೇಕು.

ಹೊರಟವರು ಮೂವರು. ಹಾದಿ ಬಲ್ಲ ಹಗ್ಗದಣ್ಣ, ಗಾಜು ನಿಲ್ಲಿಸಲು ಒಳಗೆ ಉಣ್ಣೆ ಹೊದಿಸಿದ ಬೆನ್ನುಪೆಟ್ಟಿಗೆ ಮಾಡಿದ್ದ ಬಡಗಿ ಮಾವ, ಮತ್ತು ಅವಳು. ಮಾವ ಅವಳನ್ನು ಕರೆಯುತ್ತಿದ್ದದ್ದು ಪಿಸುಮಾತಿ ಎಂದು.

ಕೆಳಗಿನ ಕಾಡು ದಾಟುವಷ್ಟರಲ್ಲಿ ಬಿಸಿಲೇರಿತು. ಮರಗಳು ಗಿಡ್ಡವಾದವು, ಗಿಡ್ಡ ಮರಗಳು ಪೊದೆಗಳಾದವು, ಕೊನೆಗೆ ಬಂಡೆಗಂಟಿದ ಹಳದಿ ಪಾಚಿಯ ಹೊರತು ಹಸಿರೇ ಉಳಿಯಲಿಲ್ಲ. ಬಲಕ್ಕೆ ಸಡಿಲ ಕಲ್ಲುಗಳ ಕೊರಕಲು ಸೀಳಿದಂತೆ ಇಳಿದಿತ್ತು. ಅದರಾಚೆ, ನೆತ್ತಿಯ ಮೇಲೆ, ಬಣ್ಣ ಹೋದ ಗುಮ್ಮಟ ಹೊಳೆಯುತ್ತಿತ್ತು.

"ಅಲ್ಲಮ್ಮ, ಇನ್ನೊಂದು ಫೋಟೋ ತೆಗೆದ್ರೆ ಆಗಲ್ವಾ?" ಮಾವ ಏದುಸಿರು ಬಿಡುತ್ತ ಕೇಳಿದ.

"ಆಗಲ್ಲ ಮಾವ. ಆ ಬೆಳಕು ಮೂರು ಸಾವಿರ ವರ್ಷ ನಡೆದು ಬಂದದ್ದು. ಗಾಜಿಗೆ ಬಿದ್ದಷ್ಟು ಉಳೀತು, ಮಿಕ್ಕಿದ್ದು ನಮ್ಮನ್ನ ದಾಟಿ ಹೋಯ್ತು. ಈಗ ಬರ್ತಿರೋದು ಸಿಡಿದಾದ ಮೇಲಿನ ಬೆಳಕು."

"ಅಂದ್ರೆ ಸಿಡಿದು ಮೂರು ಸಾವಿರ ವರ್ಷ ಆಯ್ತು, ಸುದ್ದಿ ಹೋದ ವರ್ಷ ಬಂತು? ನಮ್ಮ ಅಂಚೆಯವನನ್ನ ಸುಮ್ನೆ ಬೈತಿದ್ದೆನಲ್ಲೇ!"

ಹಗ್ಗದಣ್ಣ ನಕ್ಕ. ಅವಳೂ ನಕ್ಕಳು. ಆ ನಗು ವೀಕ್ಷಣಾಲಯದ ಬಾಗಿಲ ತನಕ ಮಾತ್ರ ಬಾಳಿತು.

ಒಳಗೆ ಕಾವಲುಗಾರ ಬಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತು ಗಾಜು ತಿಕ್ಕುತ್ತಿದ್ದ. ಗೋಡೆಗೆ ಒರಗಿ ಸಾಲಾಗಿ ಒಣಗುತ್ತಿದ್ದ ಗಾಜುಗಳು ನೀರಿನಂತೆ ಪಾರದರ್ಶಕ. ಆರಂಭದಿಂದ ಇನ್ನೂರ ಹದಿನಾರರವರೆಗೆ.

"ಎಷ್ಟು ಕೊಳೆ ಅಂತೀರಿ!" ಅವನು ಹೆಮ್ಮೆಯಿಂದ ಹೇಳಿದ. "ಬರೀ ಕಪ್ಪು ಚುಕ್ಕೆ. ಒಂದೂ ಬಿಡದೆ ಕೆರೆದು ತೆಗೆದಿದೀನಿ."

ಫಲಕದಲ್ಲಿ ಆಕಾಶ ಬೆಳ್ಳಗೆ, ನಕ್ಷತ್ರ ಕಪ್ಪಗೆ ಮೂಡುತ್ತದೆ. ಆ ಚುಕ್ಕೆಗಳೇ ನಕ್ಷತ್ರಗಳು. ಯಾವ ಕತ್ತಲೂ ನುಂಗದೆ, ಯಾವ ದೂರವೂ ತಡೆಯದೆ ಇಲ್ಲಿಯವರೆಗೆ ಬಂದ ಬೆಳಕಿಗೆ ಕೊನೆಗೆ ಸಿಕ್ಕಿದ್ದು ಒಂದು ಹಳೇ ಬನಿಯನ್ನಿನ ಚಿಂದಿ! ಅವನಿಗಾದರೂ ಯಾರು ಹೇಳಿದ್ದರು? ಹೇಳಬೇಕಾದವರು ಸಸ್ಯಾಗಾರದ ಕಿಟಕಿ ಅಳೆಯುತ್ತಿದ್ದರು. ಹೇಳಬಲ್ಲವಳು ನೆಲ ನೋಡುತ್ತಿದ್ದಳು.

ಅವನ ಕೈಯಲ್ಲಿ ಇನ್ನೂರ ಹದಿನೇಳು. ಚಿಂದಿ ಅಂಚಿಗೆ ತಾಗಿತ್ತು. ಕೆಂಪು ಸುತ್ತಿನ ಕಾಲುಭಾಗ ಆಗಲೇ ಹೋಗಿತ್ತು.

ಅವಳು ಹಾರಿ ಕಸಿದುಕೊಂಡಳು. ಮಾತಿನ ಬದಲು ಅಳುವೇ ಬಂತು.

"ಇನ್ನೊಂದು ಗಾಜು ಮುಟ್ಟಿದ್ಯೋ, ಬಕೆಟ್ಟಲ್ಲೇ ನಿನ್ನ ತೊಳೀತೀನಿ!" ಮಾವ ಗುಡುಗಿದ. ಕಾವಲುಗಾರ ಚಿಂದಿ ಕೆಳಗಿಟ್ಟ. ಅವನ ಮುಖ ನೋಡಿ ಅವಳಿಗೆ ಅಯ್ಯೋ ಎನ್ನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ; ಅದು ಬೆಟ್ಟದ ಕೆಳಗಿನ ಕಚೇರಿಗೆ ಸೇರಿದ್ದಾಗಿತ್ತು.

ಫಲಕವಿಟ್ಟ ಪೆಟ್ಟಿಗೆಯನ್ನು ಅವಳೇ ಬೆನ್ನಿಗೇರಿಸಿಕೊಂಡಳು. ಇಳಿಯುವಾಗ ಮೋಡ ಕವಿಯಿತು. ಕೊರಕಲಿನ ಅಂಚಿನಲ್ಲಿ ಹಗ್ಗದಣ್ಣ ಹಗ್ಗ ಬಿಗಿದ. "ಒಬ್ಬೊಬ್ಬರೇ. ಕಲ್ಲು ಅಲುಗಿದ್ರೆ ಬಂಡೆಗೆ ಅಂಟ್ಕೊಳ್ಳಿ."

ಅವಳು ಅರ್ಧ ದಾಟಿದ್ದಳು.

ಮೇಲೆಲ್ಲೋ ಟಕ್ ಎಂದಿತು.

"ಕಲ್ಲೂ!"

ಕಾಲ ಕೆಳಗಿನ ನೆಲವೇ ಜಾರಿತು. ಹಗ್ಗ ಸೊಂಟ ಕಚ್ಚಿತು.

"ಪೆಟ್ಟಿಗೆ ಬಿಸಾಕು! ಭಾರ ಎಳೀತಿದೆ!" ಹಗ್ಗದಣ್ಣ ಕೂಗಿದ.

ಬಿಸಾಡಲಿಲ್ಲ. ಬೆನ್ನಿನ ಮೇಲೆ ಬಿದ್ದರೆ ಗಾಜು ಪುಡಿ. ಅವಳು ಮೈ ತಿರುಗಿಸಿ ಎದೆಯೊಡ್ಡಿ ಬಂಡೆಗೆ ಬಡಿದಳು. ಗಲ್ಲ ಸೀಳಿತು. ಬೆರಳುಗಳು ಒಂದು ಬಿರುಕು ಹುಡುಕಿಕೊಂಡವು.

ಹಿಡಿದಳು.

ಕಲ್ಲುಗಳು ಪಕ್ಕದಿಂದ ಉರುಳಿ ಹೋದವು. ಅವು ತಳ ಮುಟ್ಟಿದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು.

ಆಚೆ ದಡದಲ್ಲಿ ಮಾವ ಪೆಟ್ಟಿಗೆ ತೆರೆದು ಇಣುಕಿದ. "ಗಾಜು ನೆಟ್ಟಗಿದೆ. ನಿನ್ನ ಮುಖವೇ ನೆಟ್ಟಗಿಲ್ಲ, ಮಾರಾಯ್ತಿ."

ಸಂಜೆ ಕಚೇರಿಯಲ್ಲಿ ನಿರ್ದೇಶಕರು ಇಬ್ಬರು ಪತ್ರಿಕೆಯವರ ಜೊತೆ ಕೂತಿದ್ದರು. ಮಣ್ಣು ಮೆತ್ತಿದ ಮೂವರನ್ನು ನೋಡಿ ಅವರ ಹುಬ್ಬು ಏರಿತು. ಅವಳು ಫಲಕವನ್ನು ಮೇಜಿನ ದೀಪದ ಮುಂದೆ ನಿಲ್ಲಿಸಿದಳು. ಕಪ್ಪು ಚುಕ್ಕೆ. ಮುಕ್ಕಾದ ಕೆಂಪು ಸುತ್ತು. ಅದರ ಕೆಳಗೆ ಸಹಿ, ತಾರೀಕು.

"ಭಲೇ! ಸಿಡಿಯೋ ಮುಂಚಿನ ಚಿತ್ರ! ನನ್ನ ಶೋಧಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?" ನಿರ್ದೇಶಕರು ಕರವಸ್ತ್ರ ತೆಗೆದರು. "ಇದ್ಯಾರೋ ಗೀಚಿದಾರೆ, ಒಂಚೂರು ಒರೆಸಿದ್ರೆ..."

ಅವಳು ಅವರ ಕೈಗೂ ಗಾಜಿಗೂ ನಡುವೆ ತನ್ನ ಅಂಗೈ ಇಟ್ಟಳು. ಬೆರಳ ಗಾಯಗಳಲ್ಲಿ ಇನ್ನೂ ಮಣ್ಣಿತ್ತು.

"ಇದನ್ನ ಮೊದಲು ಗುರುತಿಸಿದ್ದು ನೀವಲ್ಲ, ಸರ್," ಎಂದಳು, ಕೋಣೆಯ ಕೊನೆಯವರೆಗೂ ಕೇಳುವಂತೆ. "ನನ್ನ ದೊಡ್ಡಮ್ಮ."