ಬಾನೆಟಿನ ಬಲಭಾಗ

ಕಾರಿಗೆ ಹೊದಿಸಿದ್ದ ಬಟ್ಟೆ ಎಳೆದ ಕೂಸಪ್ಪ ನಿಂತಲ್ಲೇ ಕಲ್ಲಾದ. ಬಾನೆಟಿನ ಎಡಭಾಗ ನಿನ್ನೆಯ ಹಾಗೆಯೇ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಬಲಭಾಗ? ಅಲ್ಲಿ ಹೊಳಪಿನ ಹೆಸರೇ ಇರಲಿಲ್ಲ. ಕಪ್ಪು ಬಣ್ಣ ಮಾಸಿ ಬೂದಿಯಾಗಿತ್ತು. ಮೇಲೆಲ್ಲ ಸುತ್ತು ಸುತ್ತಾದ ಗೀರುಗಳು.

ಎಡಕ್ಕೆ ಹಚ್ಚಿದ್ದು ಅಂಗಡಿಯ ಡಬ್ಬಿ ಪಾಲಿಷ್. ಬಲಕ್ಕೆ ಹಚ್ಚಿದ್ದು ಕೂಸಪ್ಪ ತಾನೇ ಕಾಸಿದ ಮೇಣ!

ಮೂಡುಬಿದಿರೆಯ ಪದ್ಮಯ್ಯನವರಿಗೆ ಆ ಕಪ್ಪು ಮಾರಿಸ್ ಕಾರೆಂದರೆ ಪ್ರಾಣ. ಮನೆಗೆ ಬಂದವರು ಕಾಫಿ ಕುಡಿಯುವ ಮೊದಲು ಬಾನೆಟಿನಲ್ಲಿ ಮುಖ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ. ಬಂಟ್ವಾಳದಲ್ಲಿ ಮೋಟಾರು ಸಾಮಾನಿನ ಅಂಗಡಿ ಇಟ್ಟಿದ್ದ ಇಬ್ರಾಹಿಂ ಖಲೀಲ್ ಡಬ್ಬಿ ಪಾಲಿಷನ್ನು ಹೊಗಳಿದ. ಡ್ರೈವರ್ ಕೂಸಪ್ಪ ತನ್ನ ಮೇಣವೇ ಮೇಲು ಎಂದ. ಸರಿ, ಪರೀಕ್ಷೆಯೇ ಆಗಲಿ ಎಂದು ಪದ್ಮಯ್ಯನವರು ಬಾನೆಟಿನ ನಡುವೆ ನೂಲು ಹಿಡಿದು ಎರಡು ಪಾಲು ಮಾಡಿಸಿದರು. ದಿನಾ ಸಂಜೆ ನೀರು ಚಿಮುಕಿಸಿ ನೋಡುವುದು. ಹನಿ ಯಾವ ಕಡೆ ಮುತ್ತಿನ ಹಾಗೆ ನಿಲ್ಲುತ್ತದೋ ಆ ಕಡೆ ಗೆದ್ದಂತೆ. ನಿನ್ನೆ ಸಂಜೆ ಖಲೀಲನ ಎದುರಿಗೇ ಕೂಸಪ್ಪನ ಕಡೆ ಗೆದ್ದಿತ್ತು. ಮನೆಮಂದಿಯೆಲ್ಲ ನೋಡಿದ್ದರು.

ಈಗ ಪದ್ಮಯ್ಯನವರು ಗೀರುಗಳ ಮೇಲೆ ಬೆರಳಾಡಿಸಿದರು. ಕೂಗಾಡಲಿಲ್ಲ. ನಿನ್ನ ಮೇಣ ಬಣ್ಣವನ್ನೇ ತಿಂದುಬಿಟ್ಟಿತು, ತಿಂಗಳು ಮುಗಿಯುವಾಗ ಬೇರೆ ಕಡೆ ನೋಡಿಕೋ ಎಂದಷ್ಟೇ ಹೇಳಿದರು. ಅಂದು ಅವರ ತಾಯಿ ವಾರಿಜಾಕ್ಷಿಯಮ್ಮನ ನೋಂಪಿ, ವ್ರತದ ದಿನ. ಅಭಿಷೇಕದ ಹಾಲು ಬಸದಿಗೆ ಹೋಗಬೇಕಿತ್ತು. ಅದೇ ಕಾರಿನಲ್ಲಿ ಕೂಸಪ್ಪ ಹಾಲು ಮುಟ್ಟಿಸಿ ಬಂದ. ದಾರಿಯುದ್ದಕ್ಕೂ ಅವನ ಕಣ್ಣು ಮಂಜಾಗಿತ್ತು. ಬಣ್ಣ ಸುಟ್ಟ ಡ್ರೈವರ್ ಎಂಬ ಹೆಸರು ಬಿದ್ದರೆ ಬಂಟ್ವಾಳದಿಂದ ಬೆಳ್ತಂಗಡಿಯ ತನಕ ಯಾರು ಕೈಗೆ ಸ್ಟೇರಿಂಗ್ ಕೊಡುತ್ತಾರೆ? ಬಡವನಿಗಿರುವುದು ಹೆಸರೊಂದೇ, ಅದೂ ಹೋದರೆ ಹೆಂಡತಿ ಸೇಸಮ್ಮನನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಮರುದಿನ ಅವನು ಬೆಳ್ತಂಗಡಿಯ ಬಸ್ಸು ಹತ್ತಿದ. ಅಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ನಿವೃತ್ತನಾದ ಜತ್ತಪ್ಪ ಅವನ ದೂರದ ನೆಂಟ. ಕಳ್ಳನ ಮುಖ ನೋಡಿಯೇ ಕದ್ದ ಕೋಳಿಯ ಬಣ್ಣ ಹೇಳುತ್ತಾನೆ ಎಂದು ಊರವರು ತಮಾಷೆ ಮಾಡುವಂಥ ಆಸಾಮಿ. ಕೂಸಪ್ಪ ಅವನ ಕಾಲು ಹಿಡಿಯುವುದೊಂದು ಬಾಕಿ.

ಜತ್ತಪ್ಪ ಬಂದವನೇ ಬಾನೆಟಿನ ಮೇಲೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಮೇಣ ಬಣ್ಣ ತಿಂದರೆ ಗೀರು ಯಾಕೆ ಬೀಳ್ತದೆ?"

"ಅದನ್ನೇ ನಾನೂ ಹೇಳಿದ್ದು ಜತ್ತಪ್ಪಣ್ಣ. ಕೇಳುವವರು ಯಾರು?"

"ಇದು ತಿಕ್ಕಿದ್ದು ಮಾರಾಯ. ಬೂದಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿದ್ದು. ಸಂದಿಯಲ್ಲಿ ಬೂದಿ ಉಂಟು, ನೋಡು."

ಕೂಸಪ್ಪನಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಖಲೀಲನೇ! ಸೋತವನಿಗಲ್ಲದೆ ಬೇರೆ ಯಾರಿಗೆ ಹೊಟ್ಟೆಯುರಿ? ಇಬ್ಬರೂ ಬಂಟ್ವಾಳಕ್ಕೆ ಹೋದರು. ಖಲೀಲ್ ಅಳುಕಲಿಲ್ಲ. ಆ ಸಂಜೆಯೇ ಬಸ್ಸಿನಲ್ಲಿ ವಾಪಸು ಬಂದೆ, ಕಂಡಕ್ಟರನನ್ನು ಕೇಳಿ ಎಂದ. ಕೇಳಿದರು. ನಿಜವೇ ಆಗಿತ್ತು.

"ಈ ಡಬ್ಬಿ ಸೋತರೆ ಬೇರೆ ಡಬ್ಬಿ ಮಾರ್ತೇನೆ," ಎಂದ ಖಲೀಲ್. "ಗಿರಾಕಿಯ ಕಾರು ಕೆಡಿಸಿದರೆ ನನಗೆ ಎಂತ ಲಾಭ?"

ವಾಪಸು ಮೂಡುಬಿದಿರೆಯಲ್ಲಿ ಬಸ್ಸಿಳಿದ ಮೇಲೆ ಜತ್ತಪ್ಪ ಕೇಳಿದ.

"ನಿನ್ನ ಮೇಣ ಯಾವುದರದ್ದು?"

"ಜೇನುಮೇಣ. ಮಡಂತ್ಯಾರಿನಿಂದ ಗೂಡು ತಂದು, ಕಾಸಿ, ಸೋಸಿ, ಟರ್ಪೆಂಟೈನ್ ಸೇರಿಸಿದ್ದು."

"ಮನೆಯವರಿಗೆ ಗೊತ್ತುಂಟಾ?"

"ಇಲ್ಲ. ಹೇಳಿಬಿಟ್ಟರೆ ಎಲ್ಲರೂ ಮಾಡ್ತಾರಲ್ಲ."

"ಸೋಸಿದ ಚರಟ ಎಲ್ಲಿ ಹಾಕಿದೆ?"

"ಶೆಡ್ಡಿನ ಹಿಂದೆ, ಬೂದಿಯ ರಾಶಿಗೆ."

ರಾಶಿಯಲ್ಲಿ ಚರಟ ಇರಲಿಲ್ಲ. ತುಸು ದೂರದಲ್ಲಿ, ಹಲಸಿನ ಮರದ ನೆರಳಿನಲ್ಲಿ ಒಂದು ಬಾಳೆ ಎಲೆ ಇತ್ತು. ಅದರ ಮೇಲೆ ಸತ್ತ ಜೇನುಹುಳಗಳು, ಒಂದರ ಪಕ್ಕ ಒಂದು, ಸಾಲಾಗಿ. ಯಾವುದೋ ಮಕ್ಕಳಾಟ ಎಂದು ಕೂಸಪ್ಪ ಮುಂದೆ ನಡೆದ. ಜತ್ತಪ್ಪ ಸೊಂಟಕ್ಕೆ ಕೈಯಿಟ್ಟು ಅಲ್ಲೇ ನಿಂತ. ಆಮೇಲೆ, ಇದನ್ನು ಇಲ್ಲಿಗೇ ಬಿಡುವ, ಬಾ ಹೋಗುವ ಎಂದ. ಕೂಸಪ್ಪ ಕೇಳಲಿಲ್ಲ. ತನ್ನ ತಪ್ಪಿಲ್ಲ ಎಂಬುದು ದಣಿಗಳ ಕಿವಿಗೆ ಬೀಳಲೇಬೇಕು ಎಂದು ಹಟ ಹಿಡಿದ.

ಜಗಲಿಯಲ್ಲಿ ಪದ್ಮಯ್ಯನವರಿದ್ದರು. ಬಾಗಿಲ ಬಳಿ ವಾರಿಜಾಕ್ಷಿಯಮ್ಮ ಜಪಮಾಲೆ ಹಿಡಿದು ಕೂತಿದ್ದರು.

"ದಣಿಗಳೇ, ಕಾರಿನ ಮೇಲೆ ಹಗೆ ಇದ್ದವ ಇಡೀ ಕಾರು ಕೆಡಿಸ್ತಾನೆ," ಎಂದ ಜತ್ತಪ್ಪ. "ಇದನ್ನು ಮಾಡಿದವ ನೂಲಿನ ಗೆರೆ ದಾಟಲಿಲ್ಲ. ಅಂದರೆ ಹಗೆ ಕಾರಿನ ಮೇಲಲ್ಲ, ಆ ಮೇಣದ ಮೇಲೆ. ಇನ್ನು ತಿಕ್ಕಿದ ರೀತಿ. ಮೋಟಾರು ಗೊತ್ತಿರುವವ ಬೂದಿ ಮುಟ್ಟುವುದಿಲ್ಲ. ಅದು ಪಾತ್ರೆ ತಿಕ್ಕುವ ಕೈ."

"ಮನೆಯ ಹೆಂಗಸರಾ? ಯಾಕೆ?"

"ಸತ್ತ ಜೇನುಹುಳವನ್ನು ಬೂದಿಯಿಂದ ಹೆಕ್ಕಿ ಎಲೆಯ ಮೇಲೆ ಯಾರು ಮಲಗಿಸ್ತಾರೆ? ಒಂದು ಹುಳ ಸತ್ತರೂ ಯಾರಿಗೆ ಸಂಕಟವೋ ಅವರು. ಅಮ್ಮ, ನಾನು ತಪ್ಪು ಹೇಳಿದರೆ ಕ್ಷಮಿಸಬೇಕು."

ಜಪಮಾಲೆ ನಿಂತಿತು. ಹೌದು, ನಾನೇ ಎಂದರು ವಾರಿಜಾಕ್ಷಿಯಮ್ಮ. ನೋಂಪಿಯ ದಿನ ಬೆಳಗಿನ ಜಾವ ಪಾತ್ರೆ ಬೆಳಗಲು ಬೂದಿ ತೆಗೆಯ ಹೋದಾಗ ಹುಳಗಳು ಕೈಗೆ ಸಿಕ್ಕಿದ್ದವು. ಬಸದಿಯ ಹಾಲು ಹೋಗುವ ಕಾರಿಗೆ ಹಚ್ಚಿದ್ದು ಏನೆಂದು ಆಗ ಗೊತ್ತಾಗಿತ್ತು. ಹಾಲು ಹೊರಡುವ ಮೊದಲೇ ಅದನ್ನು ತೆಗೆದುಬಿಡಬೇಕೆಂದು ತಿಕ್ಕಿದ್ದರು.

ಕೂಸಪ್ಪನಿಗೆ ಗೆದ್ದೆ ಎನಿಸಿತು. ಒಂದೇ ಗಳಿಗೆ. ಆಮೇಲೆ ಪದ್ಮಯ್ಯನವರ ಮುಖ ಕಂಡ.

"ಜೇನುಮೇಣವಾ?"

ಜೈನರ ಆ ಮನೆಯಲ್ಲಿ ಔಷಧಕ್ಕೂ ಜೇನು ಮುಟ್ಟುವುದಿಲ್ಲ ಎಂಬುದು ಕೂಸಪ್ಪನಿಗೆ ಮೊದಲಿನಿಂದಲೂ ಗೊತ್ತು. ಆದರೆ ಅದು ತಿನ್ನುವ ವಿಷಯ ಎಂದುಕೊಂಡಿದ್ದ. ಕಾರಿಗೇನು ಬಾಯಿಯೇ? ಹೀಗೆ ಯೋಚಿಸಿ ಕೆಟ್ಟವನು ಅವನು.

"ನೀನು ಬೇಕೆಂದು ಮಾಡಿದ್ದಲ್ಲ, ಅದು ಗೊತ್ತುಂಟು," ಎಂದರು ಪದ್ಮಯ್ಯನವರು. "ಆದರೆ ಅಮ್ಮನ ನೋಂಪಿಯ ಹಾಲು ಆ ಕಾರಿನಲ್ಲಿ ಹೋಯಿತು. ನಿನ್ನನ್ನು ನೋಡುವಾಗೆಲ್ಲ ಅದೇ ನೆನಪಾಗ್ತದೆ. ತಿಂಗಳು ಮುಗಿಯುವವರೆಗೂ ನಿನ್ನನ್ನು ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ ಕೂಸಪ್ಪ."

ಜತ್ತಪ್ಪ ತಲೆ ತಗ್ಗಿಸಿದ. ಕೂಸಪ್ಪ ಕಾರಿನ ಬೀಗದ ಕೈಯನ್ನು ಜಗಲಿಯ ಅಂಚಿನಲ್ಲಿಟ್ಟ. ಮುದುಕಿಯ ಕಣ್ಣಲ್ಲಿ ನೀರು ತುಂಬಿತ್ತು.

"ಬಣ್ಣ ಹೋದ ಸಿಟ್ಟು ನಾಲ್ಕು ದಿನದ್ದು, ನಾನೇ ಹೇಳಿ ಇಳಿಸ್ತಿದ್ದೆ," ಎಂದರು ವಾರಿಜಾಕ್ಷಿಯಮ್ಮ. "ಇದು ಇಳಿಯುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಬಾಯಿ ಮುಚ್ಚಿ ಕೂತಿದ್ದೆ. ನೀನು ಯಾಕೆ ಇವರನ್ನು ಕರ್ಕೊಂಡು ಬಂದೆ?"