ಎರಡು ಮಕ್ಕಳು, ಒಂದು ಸೂಟ್‌ಕೇಸು

“ಈ ತೊಗರಿಬೇಳೆನ ಯಾರು ತುರುಕಿದ್ದು ಇದ್ರೊಳಗೆ?”

ಸರ್ವಮಂಗಳಾ ಕೂಗಿದ ರಭಸಕ್ಕೆ ಅವಳ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದ ಎಂಟು ತಿಂಗಳ ಶರಣ ಬೆಚ್ಚಿಬಿದ್ದು ಅಳತೊಡಗಿದ. ಚಾಮರಾಜಪೇಟೆಯ ಆ ಮನೆಯ ನಡುಮನೆಯಲ್ಲಿ ಬೆಳಗಿನಿಂದ ಅದೇ ಸೂಟ್‌ಕೇಸನ್ನು ಅವಳು ತುಂಬುತ್ತಿರುವುದು ಇದು ಮೂರನೆಯ ಸಲ! ತುಂಬಿ, ಮುಚ್ಚಿ, ಸ್ನಾನ ಮಾಡಿ ಬರುವಷ್ಟರಲ್ಲಿ ಅದು ಮತ್ತೆ ಉಬ್ಬಿ ಕೂತಿರುತ್ತಿತ್ತು. ಮೊದಲ ಸಲ ಹುಣಸೆಹಣ್ಣು. ಎರಡನೆಯ ಸಲ ಹಿತ್ತಾಳೆಯ ಒಗ್ಗರಣೆ ಸೌಟು. ಈಗ ಬೇಳೆ!

“ನಾನೇ ಇಟ್ಟೆ,” ಎಂದು ಅಡುಗೆಮನೆಯಿಂದ ಅತ್ತೆ ಶೈಲಜಮ್ಮನವರ ಉತ್ತರ ಬಂತು. “ಆ ಗೌಹಾಟಿಲಿ ನಮ್ಮ ಬೇಳೆ ಸಿಗುತ್ತೇನು?”

“ಅಲ್ಲೂ ಜನ ಊಟ ಮಾಡ್ತಾರೆ, ಅತ್ತೆ!”

“ಮಾಡ್ತಾರೆ. ಏನು ಮಾಡ್ತಾರೋ ಯಾರು ಕಂಡಿದಾರೆ?”

ಇಂಥ ಮಾತಿಗೆ ಏನು ಉತ್ತರ ಕೊಡುವುದು, ನೀವೇ ಹೇಳಿ! ಸರ್ವಮಂಗಳೆಯ ಗಂಡ ಕೈಲಾಸ ಬ್ಯಾಂಕಿನಲ್ಲಿ ಆಫೀಸರ್. ಹಿಂದಿನ ವರ್ಷ ಬಡ್ತಿಯ ಜೊತೆಗೆ ಗೌಹಾಟಿಗೆ ವರ್ಗವಾಗಿ ಹೋದವನು. ಆಗ ಇವಳು ತುಂಬು ಬಸುರಿ. ಹೆರಿಗೆ, ಬಾಣಂತನ ಎಂದು ಇಲ್ಲೇ ಉಳಿದಳು. ಈಗ ಅಲ್ಲಿ ಮನೆ ಸಿಕ್ಕಿದೆ, ವಿಮಾನದ ಟಿಕೇಟೂ ಬಂದಿದೆ. ಆದರೆ ಮಾರ್ಚಿ ತಿಂಗಳ ಲೆಕ್ಕಪತ್ರ ಮುಗಿಯದೆ ಕೈಲಾಸನಿಗೆ ರಜೆ ಇಲ್ಲ. ಕೋಲ್ಕತ್ತಾದಲ್ಲಿ ಇಳಿದು, ಸಾಮಾನು ಬಿಡಿಸಿಕೊಂಡು, ಇನ್ನೊಂದು ವಿಮಾನ ಹತ್ತಬೇಕು. ಅದೂ ಅವಳೊಬ್ಬಳೇ, ಕಂಕುಳಲ್ಲಿ ಶರಣ, ಪಕ್ಕದಲ್ಲಿ ನಾಲ್ಕು ವರ್ಷದ ಮಾನ್ಯ.

ಆ ಟಿಕೇಟಿನ ಹಿಂದಿನ ನಿಯಮಗಳನ್ನು ಓದಿದರೆ ಎಂಥವರಿಗೂ ಮೈ ಉರಿಯಬೇಕು. ತಾಯಿಗೆ ಇಪ್ಪತ್ತು ಕೆಜಿ, ಮಾನ್ಯಳಿಗೆ ಇಪ್ಪತ್ತು ಕೆಜಿ, ಕೂಸಿಗೆ ಸೊನ್ನೆ! ಲಂಗೋಟಿ, ಹಾಲಿನ ಬಾಟ್ಲಿ, ರಾಗಿ ಸರಿ ಹಿಟ್ಟು, ಜ್ವರದ ಔಷಧಿ, ಎಣ್ಣೆ, ಟೋಪಿ, ರಬ್ಬರ್ ಶೀಟು, ಗಿಲಕಿ... ಇಷ್ಟೆಲ್ಲ ಬೇಕಾದ ಆಸಾಮಿಯೇ ಅವನು. ಅವನಿಗೇ ಏನೂ ಇಲ್ಲ! ಈ ನಿಯಮ ಮಾಡಿದ ಮಹಾನುಭಾವರು ಮಕ್ಕಳನ್ನು ಫೋಟೋದಲ್ಲಿ ಮಾತ್ರ ನೋಡಿದ್ದಿರಬೇಕು. ಇರಲಿ. ನಲವತ್ತು ಕೆಜಿ ಬಿಡುತ್ತಾರೆಂದು ನಲವತ್ತು ಹೊರಲು ಸರ್ವಮಂಗಳೆಗೆ ಕೈಗಳಿರುವುದು ಎರಡೇ ತಾನೇ? ಅದಕ್ಕೇ ಅವಳು ಬಳೇಪೇಟೆಗೆ ಹೋಗಿ, ಅಂಗಡಿ ಅಂಗಡಿ ಅಲೆದು, ಹಗುರಾದ ಚಕ್ರದ ಸೂಟ್‌ಕೇಸೊಂದನ್ನು ಆರಿಸಿ ತಂದಿದ್ದಳು. ಬೆನ್ನಿಗೊಂದು ಚೀಲ, ಎದೆಗೆ ಹಳೆಯ ನೂಲಿನ ಸೀರೆಯಲ್ಲಿ ಕಟ್ಟಿಕೊಂಡ ಕೂಸು, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಮಗಳು. ಮುಗಿಯಿತು. ಇದಕ್ಕಿಂತ ಒಂದು ಸೌಟು ಹೆಚ್ಚಾದರೂ ಆಗುವುದಿಲ್ಲ.

ಆದರೆ ವಿಷಯ ಬರೀ ಸೌಟಿನದಾಗಿದ್ದರೆ ಅವಳು ಅಷ್ಟು ಕೂಗಾಡುತ್ತಿರಲಿಲ್ಲ. ಹಿಂದಿನ ಭಾನುವಾರ ಊಟಕ್ಕೆ ಕೂತಾಗ ಶೈಲಜಮ್ಮ ಎಲ್ಲರೆದುರು ಒಂದು ಮಾತು ಆಡಿದ್ದರು.

“ಮಾನ್ಯ ಇಲ್ಲೇ ಇರ್ಲಿ. ಕೂಸೊಂದನ್ನ ಕರ್ಕೊಂಡು ಹೋಗು. ಎರಡು ಮಕ್ಕಳು, ಸಾಮಾನು... ಆ ಕಲ್ಕತ್ತಾದ ಜನಜಂಗುಳಿಲಿ ಮಗು ಕೈ ತಪ್ಪಿ ಹೋದ್ರೆ ಯಾರಪ್ಪಾ ಜವಾಬ್ದಾರಿ?”

“ನಾನು ಇಬ್ರನ್ನೂ ಕರ್ಕೊಂಡೇ ಹೋಗೋದು, ಅತ್ತೆ.”

“ಹಾಗಾದ್ರೆ ಹೊರಡೋ ದಿನ ತೋರ್ಸು. ಎಲ್ಲಾ ಸಾಮಾನು ಹೊತ್ಕೊಂಡು, ಮಕ್ಕಳಿಬ್ರನ್ನೂ ಹಿಡ್ಕೊಂಡು, ಏನೂ ಕೆಳಗಿಡ್ದೆ, ಯಾರ ಕೈನೂ ಬಿಡ್ದೆ ನಡುಮನೆಯಿಂದ ಗೇಟಿನ ತನಕ ನಡಿ. ನಡೆದ್ರೆ ನಾನು ಬಾಯಿ ಬಿಡಲ್ಲ. ಆಗ್ಲಿಲ್ಲ ಅಂದ್ರೆ ಮಾನ್ಯ ಇಲ್ಲೇ!”

ಮಾತು ಅಲ್ಲಿಗೆ ನಿಂತಿತ್ತು. ಈಗ ಸೂಟ್‌ಕೇಸಿನೊಳಗೆ ಬಂದು ಬೀಳುತ್ತಿದ್ದ ಒಂದೊಂದು ಪೊಟ್ಟಣವೂ ಸರ್ವಮಂಗಳೆಗೆ ತನ್ನ ಮಗಳನ್ನು ಕಿತ್ತುಕೊಳ್ಳುವ ಹುನ್ನಾರದಂತೆ ಕಾಣುತ್ತಿದ್ದುದು ಅದಕ್ಕೇ. ಅಕ್ಕರೆಯೋ, ಹಟವೋ? ಅತ್ತೆಯ ಮನಸ್ಸನ್ನು ಬಗೆದು ನೋಡಲು ಅವಳಿಗೆ ಪುರುಸೊತ್ತೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ.

ಇನ್ನು ಮಾವ ವೃಷಭೇಂದ್ರಪ್ಪನವರ ಸಹಾಯ ಬೇರೆ! ಮಾಮೂಲ್‌ಪೇಟೆಯಲ್ಲಿ ಹಗ್ಗ, ಹುರಿ, ಗೋಣಿಚೀಲಗಳ ಸಗಟು ಅಂಗಡಿ ಇಟ್ಟು ತಲೆ ಹಣ್ಣಾದವರು ಅವರು. ಅಂಗಡಿಯಿಂದ ಊರೂರಿಗೆ ಲಾರಿಯಲ್ಲಿ ಹೋಗುವ ಮಾಲನ್ನು ಹೊಲಿದು ಕಳಿಸಿದ ಅನುಭವ. ವಿಮಾನವೂ ಅವರ ಲೆಕ್ಕದಲ್ಲಿ ರೆಕ್ಕೆಯಿರುವ ಲಾರಿಯೇ. ಸರ್ವಮಂಗಳಾ ಬೇಳೆಯನ್ನು ತೆಗೆದಿಟ್ಟು, ಅಳುವ ಶರಣನನ್ನು ಮಲಗಿಸಲು ಕೋಣೆಗೆ ಹೋಗಿ ಬಂದಾಗ ಸೂಟ್‌ಕೇಸು ನಾಪತ್ತೆ! ಅದರ ಜಾಗದಲ್ಲಿ ಒಂದು ಗೋಣಿಯ ಮೂಟೆ. ಮಾವ ಅದರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ದಬ್ಬಣದಲ್ಲಿ ಕೊನೆಯ ಹೊಲಿಗೆ ಹಾಕುತ್ತಿದ್ದರು. ಮೂಟೆಯ ಮೇಲೆ ನೀಲಿ ಶಾಯಿಯಲ್ಲಿ ದಪ್ಪ ಅಕ್ಷರದಲ್ಲಿ ವಿಳಾಸ.

“ಮಾವಾ... ಇದೇನಿದು?”

“ಜಿಪ್ಪನ್ನ ನಂಬಬಾರ್ದಮ್ಮ. ಈ ಹೊಲಿಗೆ ನೋಡು, ಲಾರಿ ಮಗುಚಿದ್ರೂ ಬಿಚ್ಚಲ್ಲ.”

“ಇದಕ್ಕೆ ಚಕ್ರ ಇತ್ತು ಮಾವಾ! ಚಕ್ರನೂ ಒಳಗೆ ಹಾಕಿ ಹೊಲಿದಿದೀರಲ್ಲ! ಇನ್ನು ಶರಣನ ಬಾಟ್ಲಿ? ಇಲ್ಲೇ ಇತ್ತಲ್ಲ?”

ವೃಷಭೇಂದ್ರಪ್ಪನವರು ಮೂಟೆಯನ್ನು ನೋಡಿದರು, ಸೊಸೆಯನ್ನು ನೋಡಿದರು. “ಜೋಪಾನವಾಗಿರ್ಲಿ ಅಂತ ಅದನ್ನೂ...” ಎಂದು ಮೆಲ್ಲಗೆ ಹೇಳಿದರು.

ಸರ್ವಮಂಗಳೆಗೆ ನಗಬೇಕೋ, ಅಳಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಬ್ಲೇಡು ತಂದು ಹುರಿಯನ್ನು ಕತ್ತರಿಸಿ, ಗೋಣಿಯನ್ನು ಸುಲಿದು ಎಸೆದಳು. ಸೂಟ್‌ಕೇಸು ತೆರೆದಳು. ಬಾಟ್ಲಿ ಸಿಕ್ಕಿತು. ಆದರೆ ಬಾಟ್ಲಿಯ ಕೆಳಗೆ ಇರಬೇಕಾಗಿದ್ದ ಮಾನ್ಯಳ ಬಟ್ಟೆಗಳು ಇರಲಿಲ್ಲ! ಹಳದಿ ಫ್ರಾಕು ಇಲ್ಲ. ಅವಳೇ ಬಾಣಂತನದಲ್ಲಿ ಕೂತು ಹೆಣೆದ ಸ್ವೆಟರ್ ಇಲ್ಲ. ಮಗಳ ಒಂದೇ ಒಂದು ಚಡ್ಡಿಯೂ ಇಲ್ಲ. ಆ ಜಾಗದಲ್ಲಿ ಹುರಿಗಡಲೆ ಚಟ್ನಿಪುಡಿಯ ಡಬ್ಬ ಕೂತಿತ್ತು.

“ಅತ್ತೆ...” ಅವಳು ಡಬ್ಬವನ್ನು ಎತ್ತಿ ಹಿಡಿದಳು. “ಮಾನ್ಯನ ಬಟ್ಟೆಗಳೆಲ್ಲಿ?”

ಶೈಲಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. “ನನ್ನ ಬೀರುವಿನಲ್ಲಿಟ್ಟಿದೀನಿ.”

“ಯಾಕೆ?”

“ಇಲ್ಲಿರೋ ಮಗೀನ ಬಟ್ಟೆ ಇಲ್ಲಿರ್ಬೇಕು ತಾನೇ?”

“ಹೊತ್ತು ತೋರ್ಸು ಅಂದಿದ್ರಿ! ನಾನಿನ್ನೂ ತೋರ್ಸೇ ಇಲ್ಲ!”

“ನಿನ್ನ ಕೈಲಾಗಲ್ಲ ಮಂಗಳಾ. ನಾಳೆ ಟ್ಯಾಕ್ಸಿಯವನ ಮುಂದೆ ಅವಮಾನ ಯಾಕೆ ಮಾಡ್ಕೋತೀಯ?”

ಸರ್ವಮಂಗಳೆಯ ತಾಳ್ಮೆಯ ಕಟ್ಟೆ ಒಡೆಯಿತು. “ನಿಮಗೆ ಹೊಟ್ಟೇಲಿ ಕರುಳಿಲ್ವಾ? ತಾಯಿ ಮಗೂನ ಅಗಲಿಸೋಕೆ ಚಟ್ನಿಪುಡಿ ನೆಪ ಬೇಕಾ ನಿಮಗೆ?”

“ಅಗಲಿಸೋದು ಅಂದ್ರೇನೇ? ನಾನೂ ಬಿಟ್ಟಿದ್ದೆ!” ಶೈಲಜಮ್ಮನವರ ದನಿಯೂ ಏರಿತು. “ನಿನ್ನ ಗಂಡ ಮೂರು ವರ್ಷದವನಿದ್ದಾಗ ನಮ್ಮತ್ತೆ ಹತ್ರ ಬಿಟ್ಟು ನಾನು ಅರಸೀಕೆರೆಗೆ ಹೋಗ್ಲಿಲ್ವಾ? ಇವರ ಅಂಗಡಿ ಆಗ ಅಲ್ಲಿರ್ಲಿಲ್ವಾ? ಏನಾಯ್ತು ಅವನಿಗೆ? ಓದಿ ಆಫೀಸರ್ ಆಗ್ಲಿಲ್ವಾ?”

“ಆದ್ರು, ಅತ್ತೆ. ಆದ್ರೆ ಅವರು ನಿಮ್ಮನ್ನ ಏನಂತ ಕರೀತಾರೆ?”

ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು, ಯಾರೂ ಎಂದೂ ಬಾಯಿಬಿಟ್ಟು ಆಡದೆ ಇದ್ದ ಮಾತು ಅದು. ಕೈಲಾಸ ತನ್ನನ್ನು ಸಾಕಿದ ಅಜ್ಜಿಯನ್ನು ಆಕೆ ಸಾಯುವ ತನಕ ‘ಅಮ್ಮ’ ಎಂದು ಕರೆದ. ಹೆತ್ತ ತಾಯಿಯನ್ನು, ಮನೆಯ ಚಿಕ್ಕವರೆಲ್ಲ ಕರೆಯುತ್ತಿದ್ದ ಹಾಗೆ ‘ಶೈಲಕ್ಕ’ ಎಂದ. ಇವತ್ತಿಗೂ ಫೋನು ಮಾಡಿದರೆ ‘ಶೈಲಕ್ಕ ಇದಾರಾ?’ ಎಂದೇ ಕೇಳುತ್ತಾನೆ. ಮಗನಿಗೆ ಅದು ಬರೀ ರೂಢಿ. ತಾಯಿಗೆ?... ಶೈಲಜಮ್ಮ ಸೊಂಟದಿಂದ ಬೀರುವಿನ ಬೀಗದ ಕೈ ತೆಗೆದು ಸೂಟ್‌ಕೇಸಿನ ಮೇಲಿಟ್ಟರು.

“ಬಟ್ಟೆ ತಗೋ. ಆದ್ರೆ ಮಾತು ಮಾತೇ. ಗೇಟಿನ ತನಕ,” ಎಂದಷ್ಟೇ ಹೇಳಿ ಒಳಗೆ ಹೋದರು.

“ಅದನ್ನ ಹೇಳ್ಬಾರ್ದಿತ್ತಮ್ಮ,” ಎಂದರು ವೃಷಭೇಂದ್ರಪ್ಪ, ಕತ್ತರಿಸಿದ ಹುರಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. ಹೇಳಬಾರದಿತ್ತು ಎಂದು ಸರ್ವಮಂಗಳೆಗೂ ಗೊತ್ತಿತ್ತು. ಆದರೆ ಮಗಳ ಸ್ವೆಟರನ್ನು ಬೀರುವಿನಿಂದ ತೆಗೆಯುವಾಗ ಅವಳಿಗೆ ಪಶ್ಚಾತ್ತಾಪಕ್ಕಿಂತ ಭಯವೇ ಹೆಚ್ಚಾಗಿತ್ತು. ನಾಳೆ ನಡೆಯಲಾಗದೆ ಹೋದರೆ? ಮಾನ್ಯ ತನ್ನನ್ನು ಏನೆಂದು ಕರೆಯುತ್ತಾಳೆ?... ಅವಳು ತನ್ನ ಸೀರೆಗಳನ್ನೆಲ್ಲ ಸೂಟ್‌ಕೇಸಿನಿಂದ ತೆಗೆದು ಪಕ್ಕಕ್ಕಿಟ್ಟಳು. ಉಟ್ಟ ಸೀರೆಯೊಂದು, ಚೀಲದಲ್ಲಿ ಇನ್ನೊಂದು, ಸಾಕು. ಉಳಿದ ಜಾಗವೆಲ್ಲ ಮಕ್ಕಳದು.

ಮರುದಿನ ಬೆಳಿಗ್ಗೆ ಟ್ಯಾಕ್ಸಿಯ ಅಂಜನಪ್ಪ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದಾಗ ಸರ್ವಮಂಗಳಾ ದೇವರಿಗೆ ಕೈಮುಗಿದು, ಚೀಲವನ್ನು ಬೆನ್ನಿಗೇರಿಸಿ, ಶರಣನನ್ನು ಎದೆಗೆ ಬಿಗಿದು ಕಟ್ಟಿಕೊಂಡಳು. ಬಲಗೈಯಲ್ಲಿ ಸೂಟ್‌ಕೇಸು, ಎಡಗೈಯಲ್ಲಿ ಮಗಳು. ಹೊರಟಳು. ಶರಣ ಅವಳ ಮಾಂಗಲ್ಯವನ್ನು ಬಾಯಿಗೆ ಹಾಕಿಕೊಂಡ. ಮಾನ್ಯ “ಅಮ್ಮಾ, ಒಂದಕ್ಕೆ!” ಎಂದಳು.

“ಈಗ್ತಾನೇ ಹೋಗಿ ಬಂದ್ಯಲ್ಲೇ!”

“ಮತ್ತೆ ಬಂತು!”

“ತಡ್ಕೋ ನನ್ನ ತಾಯಿ... ಗೇಟಿನ ತನಕ ತಡ್ಕೋ!”

ಸಾಮಾನು ತೆಗೆದುಕೊಳ್ಳಲು ಅಂಜನಪ್ಪ ಪಡಸಾಲೆಗೇ ಬಂದ. “ಕೊಡಿ ಅಮ್ಮಾ ಇತ್ಲಾಗೆ,” ಎಂದು ಕೈ ಚಾಚಿದವನಿಗೆ “ಮುಟ್ಬೇಡಿ ಅಂಜನಪ್ಪ!” ಎಂದು ಅವಳು ಕಿರುಚಿದ್ದು ಕೇಳಿ ಆತ ಪಾಪ, ತಾನೇನು ತಪ್ಪು ಮಾಡಿದೆನೋ ಎಂದು ಗೇಟಿಗೇ ವಾಪಸ್ಸು ಹೋದ. ನಡುಮನೆ ದಾಟಿತು. ಪಡಸಾಲೆ ದಾಟಿತು. ಇನ್ನು ಹೊಸ್ತಿಲು, ಮೆಟ್ಟಿಲು, ಅಂಗಳ, ಅಷ್ಟೇ! ಅವಳ ಭುಜ ಕಿತ್ತು ಬರುತ್ತಿತ್ತು. ಆದರೂ ಗೆದ್ದೆ ಎನಿಸಿತು.

ಆಗ ಹೊಸ್ತಿಲ ಬಳಿ ಶೈಲಜಮ್ಮ ಮೊರ ಹಿಡಿದು ಎದುರಿಗೆ ನಿಂತರು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಅಚ್ಚುಬೆಲ್ಲ, ಎಲೆ ಅಡಿಕೆ, ಒಂದು ರವಿಕೆ ಕಣ. ಆ ಮನೆಯ ಹೆಣ್ಣುಮಗಳಾಗಲಿ, ಸೊಸೆಯಾಗಲಿ, ದೂರದ ಊರಿಗೆ ಹೊರಟಾಗ ಮಡಿಲು ತುಂಬಿಸದೆ ಕಳಿಸಿದ್ದು ಯಾವ ಕಾಲಕ್ಕೂ ಇಲ್ಲ. ಮಡಿಲು ಬೇಡವೆಂದು ಹೋದವಳೂ ಇಲ್ಲ.

“ಮಡಿಲು ಒಡ್ಡು,” ಎಂದರು ಶೈಲಜಮ್ಮ.

ಸರ್ವಮಂಗಳಾ ನಿಂತಲ್ಲೇ ನಿಂತಳು. ಮಡಿಲು ಒಡ್ಡುವುದೆಂದರೆ ಎರಡೂ ಕೈಯಲ್ಲಿ ಸೆರಗು ಹಿಡಿಯಬೇಕು. ಎರಡೂ ಕೈ!

“ಅತ್ತೆ... ನನ್ನ ಕೈ ಖಾಲಿ ಇಲ್ಲ.”

ಶೈಲಜಮ್ಮ ಕದಲಲಿಲ್ಲ. ಸರ್ವಮಂಗಳೆಯ ಕಣ್ಣಲ್ಲಿ ನೀರು ತುಂಬಿತು. ಇದೆಂಥ ಅನ್ಯಾಯ! ಬೇಳೆ ಆಯಿತು, ಬಟ್ಟೆ ಆಯಿತು, ಕೊನೆಗೆ ಮಂಗಳಕಾರ್ಯವನ್ನೂ ಅಡ್ಡ ತಂದರಲ್ಲ! ಆದರೆ ಮಡಿಲಕ್ಕಿಯನ್ನು ಬೇಡವೆನ್ನಲು, ಎಷ್ಟು ಸಿಟ್ಟಿದ್ದರೂ, ಅವಳಿಗೆ ಬಾಯಿ ಬರಲಿಲ್ಲ. ಸೂಟ್‌ಕೇಸನ್ನು ಕೆಳಗಿಟ್ಟಳು. ಸೋತೆ, ಎಂದುಕೊಂಡಳು. ಇನ್ನೊಂದು ಕೈಯನ್ನು ಮಗಳ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಳ್ಳತೊಡಗಿದಳು...

“ಬಿಡ್ಬೇಡ!”

ಕೂಗಿದ್ದು ಶೈಲಜಮ್ಮ. ಮೊರ ವಾಲಿ ಅಕ್ಕಿ ನೆಲಕ್ಕೆ ಚೆಲ್ಲಿತು.

“ಬಿಡ್ಬೇಡ ಮಂಗಳಾ, ಅವಳ ಕೈ ಬಿಡ್ಬೇಡ! ನಾನೂ ಹೀಗೇ... ಇದೇ ಹೊಸ್ತಿಲಲ್ಲಿ... ಕೈಲಿ ಟ್ರಂಕಿತ್ತು, ಪಕ್ಕದಲ್ಲಿ ಕೈಲಾಸ ಇದ್ದ. ಅವನನ್ನೂ ಕರ್ಕೊಂಡು ಹೊರಟಿದ್ದೆ ಕಣೇ ನಾನು! ಮಡಿಲು ಒಡ್ಡು ಅಂದ್ರು ನಮ್ಮತ್ತೆ. ಕೈ ಬಿಟ್ಟೆ. ಅಕ್ಕಿ ಹಾಕಿದ್ಮೇಲೆ ಅವನನ್ನ ಎತ್ಕೊಂಡು, ಗಾಡಿಗೆ ಹೊತ್ತಾಯ್ತು, ನೀನು ನಡಿ, ಇವನನ್ನ ಮುಂದಿನ ತಿಂಗಳು ಕಳಿಸ್ತೀನಿ ಅಂದ್ರು. ಆ ಮುಂದಿನ ತಿಂಗಳು ಬರೋ ಹೊತ್ತಿಗೆ ಏಳು ವರ್ಷ ಆಗೋಯ್ತು... ನನ್ನ ಮಗ ನನಗೆ ಸಿಗ್ಲೇ ಇಲ್ಲ!”

ಜಗಲಿಯಲ್ಲಿದ್ದ ವೃಷಭೇಂದ್ರಪ್ಪನವರು ಮುಖ ತಿರುಗಿಸಿಕೊಂಡರು. ಇಷ್ಟು ವರ್ಷ ಹೆಂಡತಿ ಮಗನನ್ನು ತಾನೇ ಬಿಟ್ಟು ಬಂದಳೆಂದು ನಂಬಿದ್ದವರು ಅವರು.

“ಮತ್ತೆ ಅದನ್ನೇ ನನಗೂ ಯಾಕೆ ಮಾಡೋಕೆ ಹೊರಟ್ರಿ, ಅತ್ತೆ?” ಸರ್ವಮಂಗಳಾ ಬಿಕ್ಕಿದಳು.

“ಒಂದು ಮಗು ಆದ್ರೂ ನನ್ನ ಹತ್ರ ಬೆಳೀಲಿ ಅಂತ ಆಸೆ ಆಯ್ತಮ್ಮ... ಬೇರೆ ಏನೂ ಇಲ್ಲ.”

ಮೊರವನ್ನು ಕೆಳಗಿಟ್ಟು ಅವರು ಸೊಸೆಯ ಸೆರಗಿನ ತುದಿಯನ್ನು ತಾವೇ ಎಳೆದುಕೊಂಡರು. ಒಂದು ಹಿಡಿ ಅಕ್ಕಿ, ಒಂದು ಚೂರು ಬೆಲ್ಲ ಇಟ್ಟು, ಗಂಟು ಹಾಕಿ, ಅವಳ ಸೊಂಟಕ್ಕೆ ಸಿಕ್ಕಿಸಿದರು. ತೆಂಗಿನಕಾಯಿಯನ್ನು ಕೈಗೆತ್ತಿಕೊಂಡವರು ಒಂದು ಕ್ಷಣ ನೋಡಿ, ಹಾಗೇ ಇಟ್ಟರು. “ಇದು ಬೇಡ. ಭಾರ,” ಎಂದರು. ಆಮೇಲೆ ಬಗ್ಗಿ ಸೂಟ್‌ಕೇಸನ್ನು ಹಿಡಿದರು.

“ಅತ್ತೆ, ನೀವು ಎತ್ಬೇಡಿ! ಬೆನ್ನು...”

“ಸುಮ್ನೆ ನಡಿ. ಗೇಟಿನ ತನಕ ತಾನೇ?”

ಗೇಟಿನ ತನಕ ಅವರೇ ಎಳೆದುಕೊಂಡು ಹೋದರು. ಮಾನ್ಯಳ ತುರ್ತು ಕೆಲಸವನ್ನು ಗಿಡದ ಮರೆಯಲ್ಲಿ ಮುಗಿಸಿ, ತಾಯಿ ಮಕ್ಕಳು ಗಾಡಿ ಹತ್ತಿದರು. ಶೈಲಜಮ್ಮ ಕಿಟಕಿಯ ಹತ್ತಿರ ಬಂದು ನಿಂತರು.

“ಮಂಗಳಾ... ಕೈಲಾಸಂಗೆ ಹೇಳ್ತೀಯಾ? ನಾನಾಗಿ ಬಿಟ್ಟು ಹೋಗ್ಲಿಲ್ಲ ಅಂತ.”

“ನೀವೇ ಬಂದು ಹೇಳಿ, ಅತ್ತೆ.”

“ಇಷ್ಟು ವರ್ಷ ಆದ್ಮೇಲೆ ಕೇಳ್ತಾನಾ ಅವನು?”

“ನಂಗೊತ್ತಿಲ್ಲ,” ಎಂದಳು ಸರ್ವಮಂಗಳಾ. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. “ಆದ್ರೆ ಬನ್ನಿ. ಬರಿಗೈಲಿ ಬನ್ನಿ.”

ಅಂಜನಪ್ಪ ಗಾಡಿ ಸ್ಟಾರ್ಟ್ ಮಾಡಿದ. ಮಾನ್ಯ “ಅಜ್ಜೀ, ನೀನೂ ಬಾ!” ಎಂದು ಕಿಟಕಿಯಿಂದ ಕೈ ಚಾಚಿ ಅವರ ಬೆರಳನ್ನು ಹಿಡಿದುಕೊಂಡಳು. ಶೈಲಜಮ್ಮ ಆ ಪುಟ್ಟ ಕೈಗೆ ಮುತ್ತಿಟ್ಟು, ಅದನ್ನು ಮೆಲ್ಲಗೆ ಬಿಡಿಸಿ, ಸೊಸೆಯ ಕೈಯಲ್ಲಿಟ್ಟು ಹಿಂದೆ ಸರಿದು ನಿಂತರು.